ತನಿಯ: ಒಂದು ಹೆಸರಿನ ಬೆನ್ನು ಹಿಡಿದು

(ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ)

ಇವತ್ತಿನ ಮಾತು ಒಂದೇ ಒಂದು ಹೆಸರಿನ ಬಗ್ಗೆ. ತನಿಯ. ಇಲ್ಲಿ ಕೂತವರಲ್ಲಿ ಅರುವತ್ತು ದಾಟಿದವರಿಗೆ ಇದು ಹೊಸತಲ್ಲ. ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ತನಿಯನೋ, ಬುಟ್ಟಿ ಹೆಣೆದು ಕೊಡುತ್ತಿದ್ದ ಒಬ್ಬ ತನಿಯನೋ ನಿಮ್ಮ ನೆನಪಿನಲ್ಲಿ ಇದ್ದೇ ಇರುತ್ತಾನೆ. ಹಿಂದಿನ ಸಾಲಿನಲ್ಲಿರುವ ಕಾಲೇಜು ಮಕ್ಕಳೇ, ನಿಮ್ಮ ತರಗತಿಯಲ್ಲಿ ಒಬ್ಬನಾದರೂ ತನಿಯ ಇದ್ದಾನೆಯೆ? ಇಲ್ಲ. ನಿಮ್ಮ ಅಣ್ಣನ ತರಗತಿಯಲ್ಲಿ? ಅಲ್ಲೂ ಇಲ್ಲ. ಎರಡು ತಲೆಮಾರಿನೊಳಗೆ ಒಂದು ಹೆಸರು ಹಾಜರಿ ಪುಸ್ತಕದಿಂದಲೇ ಮಾಯವಾಗಿದೆ. ಹಾಗಾದರೆ ಅದು ಬಂದದ್ದೆಲ್ಲಿಂದ, ಅದರ ಅರ್ಥವೇನು, ಯಾರು ಇಟ್ಟುಕೊಳ್ಳುತ್ತಿದ್ದರು, ಯಾಕೆ ಬಿಟ್ಟರು, ಇಷ್ಟನ್ನು ನೋಡೋಣ.

ಅರ್ಥ ಕೇಳಿದ ಕೂಡಲೇ ಜನ ಏನು ಹೇಳುತ್ತಾರೆ ಎಂಬುದರಿಂದಲೇ ಶುರು ಮಾಡುತ್ತೇನೆ. ಕನ್ನಡ ಎಂ.ಎ. ಮಾಡಿದ ನನ್ನ ಗೆಳೆಯರೊಬ್ಬರು, "ಹಳಗನ್ನಡದಲ್ಲಿ ತನಿ ಅಂದರೆ ಸವಿ, ತುಂಬು, ಹಿತ. ತನಿವಣ್ಣು ಅನ್ನುವುದಿಲ್ಲವೆ? ತನಿಯ ಎಂದರೆ ಸವಿಯಾದವನು" ಅಂದರು. ಕೇಳಲು ಬಹಳ ಚೆಂದ. ಇನ್ನೊಬ್ಬರು ನಾಗನಿಗೆ ತನು (ಹಾಲು) ಎರೆಯುವುದನ್ನು ತಂದು ಜೋಡಿಸಿದರು. ನಾಗನ ಹರಕೆಯಿಂದ ಹುಟ್ಟಿದ ಮಗು ಅಂತೆ. ಮೂರನೆಯದು ನಮ್ಮ ಜಿಲ್ಲೆಗೇ ವಿಶೇಷವಾದದ್ದು. ತೆಂಕಣ ಕೇರಳದಿಂದ ವರ್ಗವಾಗಿ ಬಂದ ಒಬ್ಬ ಗುಮಾಸ್ತರು ಅರ್ಜಿಯ ಮೇಲಿನ ಹೆಸರನ್ನು ಓದಿ, "ತನಿಯೆ?" ಎಂದು ನಕ್ಕರು. ಮಲೆಯಾಳದಲ್ಲಿ ತನಿಯೆ ಎಂದರೆ ಒಬ್ಬಂಟಿಯಾಗಿ, ತಾನೇ ತಾನಾಗಿ. ಅಪ್ಪ ಅಮ್ಮ ಇಲ್ಲದ ಮಗುವಿಗೆ ಇಟ್ಟ ಹೆಸರಿರಬೇಕು ಎಂದು ಅವರ ಊಹೆ.

ಮೂರೂ ತಪ್ಪು. ಆದರೆ ತಪ್ಪು ಯಾಕೆ ಎನ್ನುವುದನ್ನು ನೋಡಬೇಕು, ಯಾಕೆಂದರೆ ಹೆಸರುಗಳ ಜಾಡು ಹಿಡಿಯುವ ಎಲ್ಲರೂ ಎಡವುವುದು ಇಲ್ಲೇ. ಹೆಸರೊಂದನ್ನು ಅದರ ಸಾಲಿನಿಂದ ಕಿತ್ತು ತಂದು, ನಿಘಂಟು ತೆರೆದು, ಅದೇ ಸದ್ದಿನ ಯಾವುದೋ ಮಾತನ್ನು ಹುಡುಕಿದರೆ ಏನಾದರೊಂದು ಸಿಕ್ಕಿಯೇ ಸಿಗುತ್ತದೆ. ಹೀಗೆ ಹುಡುಕುತ್ತಾ ಹೋದರೆ ರಷ್ಯಾದ ತಾನ್ಯಾಳೂ ನಮ್ಮ ತನಿಯನ ತಂಗಿಯೇ! ಅಲ್ಲಿ ಅದು ತಾತಿಯಾನಾ ಎಂಬ ಹೆಸರಿನ ಮುದ್ದಿನ ರೂಪ. ಈಚೆಗೆ ನಮ್ಮಲ್ಲೂ ಹೆಣ್ಣುಮಕ್ಕಳಿಗೆ ತಾನಿಯಾ, ತಾನ್ಯಾ ಎಂದು ಇಡುತ್ತಾರಲ್ಲ, ಅದಕ್ಕೂ ನಾನು ಹೇಳುತ್ತಿರುವ ಹೆಸರಿಗೂ ಯಾವ ನಂಟೂ ಇಲ್ಲ.

ಅದರ ಬದಲು, ತನಿಯನ ನೆರೆಹೊರೆಯಲ್ಲಿ ಯಾರಿದ್ದರು ನೋಡಿ. ಹಳೆಯ ಕೂಲಿ ಲೆಕ್ಕದ ಪುಸ್ತಕ ನಿಮ್ಮ ಯಾರ ಮನೆಯಲ್ಲಾದರೂ ಇದ್ದರೆ ಬಿಡಿಸಿ. ಅದರಲ್ಲಿ ಐತ ಇರುತ್ತಾನೆ. ಚೋಮ ಇರುತ್ತಾನೆ. ಅಂಗಾರ, ಬೂದ, ಗುರುವ, ತುಕ್ರ. ಆಮೇಲೆ ತನಿಯ. ಹೆಂಗಸರಲ್ಲಿ ಚೋಮು, ತುಕ್ರು. ಈಗ ತುಳುವಿನಲ್ಲಿ ವಾರದ ದಿನಗಳನ್ನು ಒಮ್ಮೆ ಹೇಳಿ: ಐತಾರ, ಸೋಮಾರ, ಅಂಗಾರೆ, ಬುದಾರ, ಗುರುವಾರ, ತುಕ್ರಾರ, ತನಿಯಾರ. ಇನ್ನು ಬಿಡಿಸಿ ಹೇಳಬೇಕಾದ್ದೇನೂ ಇಲ್ಲ. ತನಿಯ ಎಂದರೆ ಶನಿವಾರ ಹುಟ್ಟಿದವನು. ಒಬ್ಬನನ್ನೇ ನಿಲ್ಲಿಸಿ ಕೇಳಿದರೆ ಮೂರು ಅರ್ಥ ಹೊರಡುತ್ತವೆ; ಏಳು ಜನರನ್ನೂ ಸಾಲಾಗಿ ನಿಲ್ಲಿಸಿದರೆ ಒಂದೇ. ಬೂದನನ್ನು ಬೂದಿಗೆ, ಅಂಗಾರನನ್ನು ಕೆಂಡಕ್ಕೆ ಜೋಡಿಸುವವರಿಗೂ ಇದೇ ಉತ್ತರ. ಅಂಗಾರ ಅಂದರೆ ಕೆಂಡ ಎನ್ನುವುದು ಸುಳ್ಳಲ್ಲ; ಮಂಗಳ ಗ್ರಹ ಕೆಂಪಗಿರುವುದರಿಂದ ಅದಕ್ಕೆ ಅಂಗಾರಕ ಎಂಬ ಹೆಸರಿದೆ. ಆದರೆ ಮಗುವಿಗೆ ಆ ಹೆಸರು ಬಂದದ್ದು ಕೆಂಡದಿಂದಲ್ಲ, ಮಂಗಳವಾರದಿಂದ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಶನಿ ಹೇಗೆ ತನಿ ಆಯಿತು? ಶುಕ್ರ ಹೇಗೆ ತುಕ್ರ ಆಯಿತು? ತುಳು ಮಾತಾಡುವವರಿಗೆ ಇದು ದಿನನಿತ್ಯದ ಸಂಗತಿ, ಅದಕ್ಕೇ ಗಮನಕ್ಕೆ ಬರುವುದಿಲ್ಲ. ಒಂದೇ ಮಾತು ಊರಿಂದ ಊರಿಗೆ, ಜಾತಿಯಿಂದ ಜಾತಿಗೆ ಮೊದಲಕ್ಷರ ಬದಲಿಸುತ್ತದೆ. ತಲೆಗೆ ತರೆ ಎನ್ನುವವರಿದ್ದಾರೆ, ಸರೆ ಎನ್ನುವವರಿದ್ದಾರೆ, ಹರೆ ಎನ್ನುವವರೂ ಇದ್ದಾರೆ. ನೋಡುವುದಕ್ಕೆ ಕೆಲವರಲ್ಲಿ ತೂಪಿನಿ, ಕೆಲವರಲ್ಲಿ ಸೂಪಿನಿ. ಇದು ಮನೆಮಾತಿಗೆ ಮಾತ್ರ ಅಲ್ಲ, ಸಂಸ್ಕೃತದಿಂದ ಬಂದ ಮಾತಿಗೂ ಅನ್ವಯಿಸುತ್ತದೆ. ಸಂಕ್ರಾಂತಿ ನಮ್ಮ ಬಾಯಲ್ಲಿ ತಂಕ್ರಾಂತಿ. ಹಾಗೆಯೇ ಶನಿ ತನಿ. ಇದೇ ಹೆಸರಿನ ಇನ್ನೊಂದು ರೂಪ ಚನಿಯ. ಕಾರಂತರ ಚೋಮನ ದುಡಿಯನ್ನು ನೀವೆಲ್ಲ ಓದಿದ್ದೀರಿ, ಇಲ್ಲವಾದರೆ ಸಿನಿಮಾವನ್ನಾದರೂ ನೋಡಿದ್ದೀರಿ. ಚೋಮನ ಮಕ್ಕಳ ಹೆಸರು ನೆನಪಿದೆಯೆ? ಚನಿಯ, ಗುರುವ, ಕಾಳ, ನೀಲ, ಮಗಳು ಬೆಳ್ಳಿ. ಅಪ್ಪ ಸೋಮವಾರ, ಒಬ್ಬ ಮಗ ಶನಿವಾರ, ಇನ್ನೊಬ್ಬ ಗುರುವಾರ. 1933ರಲ್ಲಿ ಬಂದ ಕಾದಂಬರಿ. ಕಾರಂತರು ಈ ಹೆಸರುಗಳನ್ನು ಹುಟ್ಟಿಸಿ ಇಟ್ಟದ್ದಲ್ಲ, ಊರಿನಲ್ಲಿ ಇದ್ದದ್ದನ್ನೇ ಇಟ್ಟರು. ಕನ್ನಡ ಸಾಹಿತ್ಯವೆಲ್ಲ ಆ ಕಾದಂಬರಿಯನ್ನು ಇಷ್ಟು ಚರ್ಚಿಸಿದೆ, ಆದರೆ ಆ ಮನೆಯೊಳಗೆ ಪಂಚಾಂಗದ ಅರ್ಧ ವಾರ ವಾಸವಾಗಿದೆ ಎನ್ನುವುದು ಘಟ್ಟದ ಮೇಲಿನ ಓದುಗರಲ್ಲಿ ಹೆಚ್ಚಿನವರ ಕಣ್ಣಿಗೆ ಬಿದ್ದಿರಲಾರದು.

ಇಂಥ ಹೆಸರು ನಮ್ಮಲ್ಲಿ ಮಾತ್ರವೆ ಎಂದರೆ ಅಲ್ಲ. ಛೋಟಾನಾಗಪುರದ ಆದಿವಾಸಿಗಳಲ್ಲಿ ಎತ್ವಾ, ಸೋಮ್ರಾ, ಮಂಗ್ರಾ, ಬುಧುವಾ, ಸುಕ್ರಾ, ಸನಿಚರ್ವಾ ಇದ್ದಾರೆ. ನಮ್ಮ ಐತ ಅಲ್ಲಿ ಎತ್ವಾ, ನಮ್ಮ ತುಕ್ರ ಅಲ್ಲಿ ಸುಕ್ರಾ. ಬಿರ್ಸಾ ಮುಂಡಾರ ಹೆಸರನ್ನೂ ಗುರುವಾರದ ಹೆಸರೆಂದೇ ಹೇಳುತ್ತಾರೆ. ಇನ್ನೂ ದೂರ, ಆಫ್ರಿಕಾದ ಘಾನಾ ದೇಶದ ಅಕಾನ್ ಜನರಲ್ಲಿ ಪ್ರತಿ ಮಗುವಿಗೂ ಹುಟ್ಟಿದ ದಿನದ ಹೆಸರು ಇದ್ದೇ ಇರುತ್ತದೆ. ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8ರಂದು. ನಾನು ಲೆಕ್ಕ ಹಾಕಿ ನೋಡಿದೆ, ಶುಕ್ರವಾರವೇ. ಶನಿವಾರ ಹುಟ್ಟಿದವನು ಕ್ವಾಮೆ. 1957ರಲ್ಲಿ ಸ್ವತಂತ್ರವಾದ ಘಾನಾದ ಮೊದಲ ಪ್ರಧಾನಿ ಕ್ವಾಮೆ ಎನ್‌ಕ್ರೂಮಾ. ಎಂದರೆ ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆ ದೇಶವನ್ನು ಕಟ್ಟಿದವನು ಒಬ್ಬ ತನಿಯ, ವಿಶ್ವಸಂಸ್ಥೆಯನ್ನು ನಡೆಸಿದವನು ಒಬ್ಬ ತುಕ್ರ.

ನಗುತ್ತಿದ್ದೀರಿ. ಯಾಕೆ ನಗು ಬಂತು? ಅಕಾನರಲ್ಲಿ ಅರಸನಿಗೂ ವಾರದ ಹೆಸರಿದೆ, ರೈತನಿಗೂ ಇದೆ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಬರಿಯ ತನಿಯ, ಬರಿಯ ತುಕ್ರ ಎಂದ ಕೂಡಲೇ ಕೇಳುವವನ ಮನಸ್ಸಿನಲ್ಲಿ ಅವನ ಜಾತಿಯೂ ಕೂಲಿಯೂ ಅಂಗಳದ ಯಾವ ಮೂಲೆಯಲ್ಲಿ ನಿಲ್ಲುವವನು ಎಂಬುದೂ ಮೂಡಿಬಿಡುತ್ತದೆ. ಈ ಹೆಸರಿನ ನಿಜವಾದ ಅರ್ಥದ ಮುಕ್ಕಾಲು ಭಾಗ ಇದೇ ಎಂದು ನನ್ನ ಅಭಿಪ್ರಾಯ. ಶನಿವಾರ ಎನ್ನುವುದು ಉಳಿದ ಕಾಲು ಭಾಗ.

ಅದೇ ದಿನ ಮೇಲಿನ ಮನೆಯಲ್ಲಿ ಹುಟ್ಟಿದ ಮಗುವಿಗೆ ಏನಾಗುತ್ತಿತ್ತು? ಅಲ್ಲೂ ವಾರದ ಹೆಸರು ಇರಲಿಲ್ಲವೆಂದಲ್ಲ. ಐತಪ್ಪ ಶೆಟ್ಟರು, ಐತಪ್ಪ ರೈಗಳು, ಸೋಮಪ್ಪ ಪೂಜಾರಿಯವರು, ಗುರುವಪ್ಪನವರು ನಮ್ಮೂರುಗಳಲ್ಲಿ ಬೇಕಾದಷ್ಟು. ಬಾಲಕ್ಕೆ ಒಂದು ಅಪ್ಪ ಸೇರಿದರೆ ಆಯಿತು, ದಿನ ಅದೇ, ಮರ್ಯಾದೆ ಬೇರೆ. ಆದರೆ ಈ ಬಡ್ತಿಯೂ ಏಳೂ ದಿನಗಳಿಗೆ ಸಮನಾಗಿ ಸಿಕ್ಕಿಲ್ಲ. ಐತಪ್ಪ ಧಾರಾಳ, ತನಿಯಪ್ಪ ಬಲು ಅಪರೂಪ. ಶನಿಯ ಹೆದರಿಕೆಯೇ ಕಾರಣ ಎಂದು ನನಗೆ ಅನಿಸುತ್ತದೆ. ಏಳರಾಟ ಶನಿಗೆ ಎಳ್ಳೆಣ್ಣೆ ಸುರಿಯುವ ಮನೆಯವರು ಅದೇ ಹೆಸರು ಹಿಡಿದು ದಿನಾ ಮಗುವನ್ನು ಕರೆದಾರೆಯೆ? ಪಾಪ, ಶನಿಯ ಮೂಲ ಹೆಸರಿನಲ್ಲಿ ಕೆಡುಕೇನೂ ಇಲ್ಲ. ಶನೈಶ್ಚರ ಎಂದರೆ ಮೆಲ್ಲಗೆ ನಡೆಯುವವನು. ಸೂರ್ಯನಿಗೆ ಒಂದು ಸುತ್ತು ಬರಲು ಆ ಗ್ರಹಕ್ಕೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಬರಿಗಣ್ಣಿಗೆ ಕಾಣುವ ಗ್ರಹಗಳಲ್ಲಿ ಅದೇ ಎಲ್ಲಕ್ಕಿಂತ ನಿಧಾನ. ಹಳಬರು ಅದನ್ನು ಕಂಡು ಇಟ್ಟ ಹೆಸರು ಅದು.

ಈಗ ಶಾಲೆಯ ಕಡೆಗೆ ಬರುತ್ತೇನೆ, ನನಗೆ ಹೆಚ್ಚು ಗೊತ್ತಿರುವ ಜಾಗ ಅದು. ಅಧ್ಯಾಪಕನಾಗಿದ್ದಾಗ ಹಳೆಯ ಪ್ರವೇಶ ಪುಸ್ತಕಗಳನ್ನು ತಿರುವಿ ಹಾಕುವ ಕೆಲಸ ಆಗಾಗ ಬೀಳುತ್ತಿತ್ತು. ಪಿಂಚಣಿಗೋ ಜಾತಿ ಸರ್ಟಿಫಿಕೇಟಿಗೋ ಜನನ ದಿನಾಂಕ ಕೇಳಿಕೊಂಡು ಜನ ಬರುತ್ತಿದ್ದರು. ಆ ಪುಸ್ತಕಗಳನ್ನು ನಂಬಿದರೆ ಕಾಸರಗೋಡಿನ ಮುಕ್ಕಾಲು ಪಾಲು ಮಕ್ಕಳು ಹುಟ್ಟಿದ್ದು ಮೇ ತಿಂಗಳಿನಲ್ಲಿ! ಜೂನ್ ಒಂದಕ್ಕೆ ಶಾಲೆ ಶುರು, ಅಷ್ಟರಲ್ಲಿ ಐದು ತುಂಬಿರಬೇಕು. ಮಗುವನ್ನು ಕರೆತಂದ ಅಪ್ಪನಿಗೆ ತಾರೀಕು ಗೊತ್ತಿಲ್ಲ, ಹೆಡ್‌ಮಾಸ್ತರರು ಮಗುವಿನ ಹಲ್ಲು, ಎತ್ತರ ನೋಡಿ ಒಂದು ತಾರೀಕು ಬರೆದರು. ಒಬ್ಬ ತನಿಯನ ಹುಟ್ಟಿದ ದಿನ 1951ರ ಮೇ 25 ಎಂದಿತ್ತು. ಅದು ಶುಕ್ರವಾರ. ಅವನು ನಿಜವಾಗಿ ಆ ದಿನ ಹುಟ್ಟಿದ್ದರೆ ತುಕ್ರ ಆಗಬೇಕಿತ್ತು.

ಯಾವುದು ಸರಿ, ಪುಸ್ತಕವೋ ಹೆಸರೋ? ಯಾವ ಕೋರ್ಟಿಗೆ ಹೋದರೂ ಪುಸ್ತಕವೇ ಸರಿ. ಆದರೆ ನನ್ನನ್ನು ಕೇಳಿದರೆ ಹೆಸರೇ ಸರಿ. ತಾರೀಕು ಬರೆದವರು ಹೆರಿಗೆಯ ಹೊತ್ತಿಗೆ ಅಲ್ಲಿ ಇರಲಿಲ್ಲ, ಹೆಸರು ಇಟ್ಟವರು ಇದ್ದರು. ವರ್ಷ ನೆನಪಿಲ್ಲ, ತಿಂಗಳು ನೆನಪಿಲ್ಲ, ವಾರ ಮಾತ್ರ ಮರೆಯಲು ಸಾಧ್ಯವೇ ಇಲ್ಲ, ಯಾಕೆಂದರೆ ದಿನಾ ಅದನ್ನೇ ಕೂಗುತ್ತಿದ್ದಾರೆ. ಓದು ಬರಹ ಸಿಗದ ಜನ ತಮ್ಮ ಮಕ್ಕಳ ಜನನ ದಾಖಲೆಯನ್ನು ಇಟ್ಟುಕೊಂಡದ್ದು ಬಾಯಲ್ಲಿ. ಇದನ್ನು ನಾನು ಬಡತನದ ಹೆಸರು ಎಂದು ಒಪ್ಪುವುದಿಲ್ಲ. ಇಷ್ಟು ಖಚಿತವಾದ ಮಾಹಿತಿ ನನ್ನ ಹೆಸರಿನಲ್ಲಿ ಇಲ್ಲ, ನಿಮ್ಮ ಹೆಸರಿನಲ್ಲೂ ಇರಲಾರದು.

ಹಾಗೆಂದು ಎಲ್ಲವನ್ನೂ ಹೊಗಳಿ ಹೇಳಲಾರೆ. ಹೆಸರು ಇಡುವಾಗ ಎಲ್ಲ ಕಡೆ ಅಪ್ಪ ಅಮ್ಮನ ಇಷ್ಟವೇ ನಡೆಯಿತು ಎಂದು ತಿಳಿಯಬೇಡಿ. ಒಡೆಯನ ಮನೆಯ ಮಗನಿಗೆ ಇಟ್ಟ ಹೆಸರನ್ನು ಒಕ್ಕಲಿನವನು ತನ್ನ ಮಗನಿಗೆ ಇಡುವ ಧೈರ್ಯ ಮಾಡುತ್ತಿರಲಿಲ್ಲ. ದೇವರ ಹೆಸರು ಇಟ್ಟರೂ ಅಂಗಳದಲ್ಲಿ ಅದನ್ನು ಮುರಿದು ಮೊಟಕು ಮಾಡಿಯೇ ಕರೆಯುತ್ತಿದ್ದರು. ವಾರದ ಹೆಸರಿಗೆ ಯಾರ ತಕರಾರೂ ಇರಲಿಲ್ಲ, ಅದು ಪುಕ್ಕಟೆ ಸಿಗುವಂಥದ್ದು. ಶಾಲೆಗೆ ಹೋದ ಮೊದಲ ತಲೆಮಾರಿನ ಹುಡುಗರಿಗೆ ಇದರ ಬಿಸಿ ಚೆನ್ನಾಗಿ ತಾಗಿತು. ಹಾಜರಿ ಕೂಗುವಾಗ ತನಿಯ ಎಂದರೆ ತರಗತಿಯಲ್ಲಿ ಕಿಸಕ್ಕನೆ ನಗು. ಆ ಹುಡುಗ ಮುಂದೆ ಅಪ್ಪನಾದಾಗ ಮಗನಿಗೆ ಸುರೇಶ, ಹರೀಶ, ದಿನೇಶ ಎಂದು ಇಟ್ಟದ್ದರಲ್ಲಿ ಆಶ್ಚರ್ಯವೇನು? ಈಗಿನ ಮೊಮ್ಮಕ್ಕಳು ಧನುಷ್, ಧನ್ವಿತ್. ನಾನೂ ಹಾಗೆಯೇ ಮಾಡುತ್ತಿದ್ದೆ. ಹೆಸರು ಕಳೆದುಹೋಯಿತಲ್ಲಾ ಎಂದು ಕೊರಗುವ ಹಕ್ಕು ಆ ಹೆಸರಿನಿಂದ ನೋವುಂಡವರಿಗೆ ಇದೆ, ನಮಗೆ ಅಷ್ಟಾಗಿ ಇಲ್ಲ.

ಹಾಗೆ ಬಿಡದೆ ಹೆಮ್ಮೆಯಿಂದ ಉಳಿಸಿಕೊಂಡವರೂ ಇದ್ದಾರೆ. ಗಡಿಯಾಚೆ, ನಮಗೆ ಅಡೂರು ದೇಲಂಪಾಡಿಯ ಕಡೆಯಿಂದ ಹತ್ತಿರವಾದ ಸುಳ್ಯವನ್ನು ನೋಡಿ. ಅಲ್ಲಿಂದ 1994ರಿಂದ ಸತತ ಆರು ಸಲ ವಿಧಾನಸಭೆಗೆ ಗೆದ್ದು, ಮಂತ್ರಿಯೂ ಆದವರ ಹೆಸರು ಎಸ್. ಅಂಗಾರ. ಅಪ್ಪ ಸೇರಿಸಲಿಲ್ಲ, ಬಾಲ ಕಟ್ಟಲಿಲ್ಲ. ಬೆಂಗಳೂರಿನ ಪತ್ರಿಕೆಯವರಿಗೆ ಅದು ಎಂಥ ಹೆಸರು ಎಂದು ತಿಳಿಯದೆ ಹೋಗಿರಬಹುದು, ನಮಗೆ ತಿಳಿಯುತ್ತದೆ.

ಗಡಿಯ ಮಾತು ಬಂತು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು ಕಚೇರಿಯಲ್ಲಿ ತನಿಯ ಎಂದು ಬರೆದರೆ, ಬರೆಯುವವನಿಗೆ ಅದು ಗಂಡು ಹೆಸರು, ವಾರದ ಹೆಸರು ಎಂದು ಗೊತ್ತಿತ್ತು. ಮಲೆಯಾಳದ ವಾರಗಳು ಬೇರೆ: ಞಾಯರ್, ತಿಂಗಳ್, ಚೊವ್ವ, ಬುಧನ್, ವ್ಯಾಳಂ, ವೆಳ್ಳಿ, ಶನಿ. ವೆಳ್ಳಿ ಎನ್ನುವವನಿಗೆ ತುಕ್ರ ಹೇಗೆ ಹೊಳೆಯಬೇಕು? ಚೊವ್ವ ಎನ್ನುವವನಿಗೆ ಅಂಗಾರ ಹೇಗೆ ಗೊತ್ತಾಗಬೇಕು? ಆಮೇಲೆ ಕಂಪ್ಯೂಟರ್ ಬಂತು. ಕೇರಳದ ಪದ್ಧತಿಯಲ್ಲಿ ತಕಾರಕ್ಕೆ ಟಿ ಎಚ್ ಬರೆಯುತ್ತಾರೆ. ಹಾಗೆ ಇಂಗ್ಲಿಷಿಗೆ ಇಳಿದ ನಮ್ಮ ತನಿಯಜ್ಜ ಒಂದು ಪಟ್ಟಿಯಲ್ಲಿ ಹೆಂಗಸಾಗಿಬಿಟ್ಟಿದ್ದರು. ಅಕಾರದಲ್ಲಿ ಮುಗಿಯುವ ಹೆಸರು ಹೆಣ್ಣಿನದೇ ಎಂದು ಯಾರೋ ತೀರ್ಮಾನಿಸಿದ್ದಾರೆ. ತಿದ್ದಿಸಲು ಆ ಮುದುಕ ಎಷ್ಟು ಸಲ ಬಸ್ಸು ಹತ್ತಬೇಕಾಯಿತೋ! ಕನ್ನಡದಲ್ಲಿ ರಾಮ, ಕೃಷ್ಣ, ಭೀಮ ಎಲ್ಲ ಅಕಾರದಲ್ಲೇ ಮುಗಿಯುವುದು ಮಾರಾಯ್ರೆ, ಮಲೆಯಾಳದಲ್ಲಿ ಮಾತ್ರ ಅವರು ರಾಮನ್, ಕೃಷ್ಣನ್, ಭೀಮನ್.

ಇಷ್ಟು ಹೊತ್ತು ನಾನು ಹೇಳದೆ ಉಳಿಸಿದ ಒಬ್ಬ ತನಿಯನಿದ್ದಾನೆ. ನೀವು ಕಾಯುತ್ತಿದ್ದೀರಿ ಎಂದೂ ಗೊತ್ತು. ಕೊರಗಜ್ಜ. ತುಳುವಿನ ಕಥೆಹಾಡಾದ ಪಾಡ್ದನದಲ್ಲಿ ಅವನ ಹೆಸರು ಕೊರಗತನಿಯ. ಕೊರಗ ಎಂಬ ಜನಾಂಗದ ಹೆಸರಿಗೆ ವಾರದ ಹೆಸರು ಸೇರಿಸಿದರೆ ಅಷ್ಟೇ, ಬೇರೆ ಏನೂ ಇಲ್ಲ. ಕಥೆಗೆ ಪಾಠಭೇದಗಳು ಧಾರಾಳ. ನಾನು ಕೇಳಿದ್ದು ಹೀಗೆ: ಹೆತ್ತವರನ್ನು ಕಳೆದುಕೊಂಡ ಹುಡುಗ, ಕಳ್ಳಿನ ಕಸುಬಿನ ಬೈದೆದಿಯೊಬ್ಬಳು (ಬಿಲ್ಲವರ ಹೆಂಗಸು) ಅವನಿಗೆ ಉಡಲು ಬಟ್ಟೆ ಕೊಟ್ಟು ಮನೆಗೆ ಕರೆದುಕೊಂಡು ಹೋಗಿ ಮಗನಂತೆ ಸಾಕುತ್ತಾಳೆ. ಏಳು ಜನ ಹೊರುವ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ತರುತ್ತಾನೆ. ಹೊರೆ ಒಳಗೆ ಹೋಗಬಹುದು, ಹೊತ್ತವನು ಹೋಗಬಾರದು. ಹೊರಗೆ ನಿಂತವನು ಮಾಪಳ ಎಂಬ ಹುಳಿಕಾಯಿ ಕೊಯ್ಯಲು ಹತ್ತಿ, ಅಲ್ಲೇ ಮಾಯವಾಗುತ್ತಾನೆ. ಆಮೇಲೆ ದೈವ.

ಇವತ್ತು ಮಂಗಳೂರಿನ ಬಳಿಯ ಕುತ್ತಾರಿಗೆ, ಅಜ್ಜನ ಸನ್ನಿಧಿಗೆ, ಎಲ್ಲೆಲ್ಲಿಂದ ಜನ ಬರುತ್ತಾರೆ ನೋಡಿ. ಚಕ್ಕುಲಿ, ವೀಳ್ಯದೆಲೆ, ಕಳ್ಳು. ಚಿನ್ನ ಕಳೆದರೂ ಅಜ್ಜ, ಕೆಲಸ ಸಿಗದಿದ್ದರೂ ಅಜ್ಜ. ಮಂಜೇಶ್ವರದಿಂದ ಇಲ್ಲಿಯವರೆಗೆ ಎಷ್ಟು ಕಟ್ಟೆಗಳಿವೆ ಎಂದು ನಿಮಗೇ ಗೊತ್ತು, ಎಷ್ಟು ಕಾರುಗಳ ಗಾಜಿನ ಮೇಲೆ ಸ್ವಾಮಿ ಕೊರಗಜ್ಜ ಎಂದು ಬರೆದಿದೆ ಎಂದೂ ಗೊತ್ತು. ನಾವು ನಂಬಿದ ದೇವರ ಹೆಸರನ್ನು ಮಕ್ಕಳಿಗೆ ಇಡುವ ಜನ. ಸುಬ್ರಹ್ಮಣ್ಯನ ಹರಕೆ ಹೊತ್ತು ಹುಟ್ಟಿದರೆ ಸುಬ್ರಹ್ಮಣ್ಯ, ಮಂಜುನಾಥನದ್ದಾದರೆ ಮಂಜುನಾಥ. ಅಜ್ಜನ ಹರಕೆಯಿಂದ ಹುಟ್ಟಿದ ಮಕ್ಕಳು ಈ ಹತ್ತಿಪ್ಪತ್ತು ವರ್ಷಗಳಲ್ಲಿ ಎಷ್ಟೋ ಇವೆ. ಒಂದು ಮಗುವಿಗಾದರೂ ತನಿಯ ಎಂದು ಇಟ್ಟದ್ದು ನನಗಂತೂ ಕಂಡಿಲ್ಲ. ಕೈ ಮುಗಿಯಲು ಬೇಕು, ಕರೆಯಲು ಬೇಡ.

ಆದರೆ ಇದಕ್ಕೆ ತದ್ವಿರುದ್ಧವಾದ ಒಂದು ಪದ್ಧತಿಯೂ ಇದೇ ನೆಲದಲ್ಲಿ ಇತ್ತು, ಅದನ್ನು ಹೇಳದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಮೇಲಿನ ಜಾತಿಗಳ ಮನೆಯಲ್ಲಿ ಹುಟ್ಟಿದ ಮಕ್ಕಳು ಉಳಿಯದೆ ಹೋದರೆ, ಮುಂದಿನ ಮಗುವನ್ನು ಕೊರಗ ಹೆಂಗಸಿನ ಕೈಗೆ ಕೊಡುತ್ತಿದ್ದರು. ಎಣ್ಣೆ, ಅಕ್ಕಿ, ಕಾಸು ಕೊಟ್ಟು, ಅವಳಿಂದ ಹಾಲುಣಿಸಿ, ಅವಳ ಕಬ್ಬಿಣದ ಬಳೆಯನ್ನು ಮಗುವಿಗೆ ತೊಡಿಸಿ, ಅವಳ ಬಾಯಿಂದಲೇ ಹೆಸರು ಹೇಳಿಸುತ್ತಿದ್ದರು. ಗಂಡಾದರೆ ಕೊರಗ, ಹೆಣ್ಣಾದರೆ ಕೊರಪೊಳು. ಇಂಗ್ಲಿಷರ ಕಾಲದ ಬರಹಗಳಲ್ಲಿ ಇದು ದಾಖಲಾಗಿದೆ, ಮನೆಮನೆಯ ನೆನಪಿನಲ್ಲೂ ಉಳಿದಿದೆ. ಕೊರಗಪ್ಪ ಎಂಬ ಹೆಸರಿನ ಯಜಮಾನರು ಒಳ್ಳೆಯ ಗುತ್ತಿನ (ಊರ ಒಡೆತನದ) ಮನೆಗಳಲ್ಲಿ ಇದ್ದದ್ದು ಹೀಗೆ. ಮೃತ್ಯು ಬಂದು ನೋಡಿ, ಇದು ಯಾರಿಗೂ ಬೇಡದ ಮಗು ಎಂದು ಬಿಟ್ಟು ಹೋಗಲಿ ಎಂಬ ಲೆಕ್ಕಾಚಾರ. ಆಯುಸ್ಸು ಬೇಕಾದಾಗ ಅವರ ಎದೆಹಾಲು ಆಗುತ್ತದೆ, ಹೆಸರು ಆಗುತ್ತದೆ. ಅದೇ ಜನರಿಗೆ ಕೂದಲು ಉಗುರು ಬೆರೆಸಿದ ಅನ್ನ ಕೊಟ್ಟು ನಮ್ಮ ರೋಗ ಅವರಿಗೆ ದಾಟಲಿ ಎಂದು ಮಾಡುತ್ತಿದ್ದ ಅಜಲು ಎಂಬ ಪದ್ಧತಿಯೂ ಜೊತೆಜೊತೆಗೇ ಇತ್ತು. ಕರ್ನಾಟಕದಲ್ಲಿ ಅದನ್ನು ನಿಷೇಧಿಸಲು ಪ್ರತ್ಯೇಕ ಕಾನೂನೇ ಬೇಕಾಯಿತು, ಅದೂ 2000ದಲ್ಲಿ.

ಅಂದರೆ ಜೋಡಿ ಹೀಗಿತ್ತು: ಗುತ್ತಿನ ಮನೆಯ ಒಳಗೆ ಕೊರಗಪ್ಪ, ಅಂಗಳದ ಹೊರಗೆ ತನಿಯ. ಒಳಗಿದ್ದವನಿಗೆ ಜನಾಂಗದ ಹೆಸರು, ಹೊರಗಿದ್ದವನಿಗೆ ವಾರದ ಹೆಸರು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಬದಿಯಡ್ಕದ ಕಡೆಯ ಯುವಕರೊಬ್ಬರು ಎದ್ದು ಕೇಳಿದರು: "ನನ್ನ ಅಜ್ಜನ ಹೆಸರು ತನಿಯ. ಅವರು ಹುಟ್ಟಿದ್ದು ಆಸ್ಪತ್ರೆಯಲ್ಲಿ, ತಾರೀಕು ಸರಿಯಾಗಿಯೇ ಇದೆ. ಕ್ಯಾಲೆಂಡರ್ ನೋಡಿದರೆ ಆದಿತ್ಯವಾರ. ನಿಮ್ಮ ಲೆಕ್ಕದ ಪ್ರಕಾರ ಐತ ಆಗಬೇಕಿತ್ತಲ್ಲ?"

ಹುಟ್ಟಿದ ಹೊತ್ತು ಗೊತ್ತಿದೆಯೆ ಎಂದು ಕೇಳಿದೆ. ಬೆಳಗಿನ ಜಾವ, ನಾಲ್ಕು ಗಂಟೆ ಎಂದರು. ನಮ್ಮ ಹಿರಿಯರ ವಾರ ನಡುರಾತ್ರಿ ಹನ್ನೆರಡಕ್ಕೆ ಬದಲಾಗುವುದಿಲ್ಲ, ಸೂರ್ಯ ಹುಟ್ಟಿದ ಮೇಲೆಯೇ ಬದಲಾಗುವುದು. ಆಸ್ಪತ್ರೆಯ ಗಡಿಯಾರಕ್ಕೆ ಆದಿತ್ಯವಾರ ನಾಲ್ಕು ಗಂಟೆಯಾದದ್ದು ಮನೆಯ ಮುದುಕಿಗೆ ಇನ್ನೂ ಶನಿವಾರದ ರಾತ್ರಿ. ಹಾಗಾಗಿ ತನಿಯ. ಇಂಥ ಹೆಸರು ನಿಮ್ಮ ಮನೆಯ ಹಿರಿಯರಿಗೂ ಇದ್ದು, ತಾರೀಕಿನ ವಾರ ಹೆಸರಿನ ವಾರಕ್ಕಿಂತ ಒಂದು ದಿನ ಮುಂದೆ ಬಂದರೆ, ಮೊದಲು ಹುಟ್ಟಿದ ಹೊತ್ತನ್ನು ಕೇಳಿ ನೋಡಿ. ವ್ಯತ್ಯಾಸ ಬೇರೆ ಥರ ಇದ್ದರೆ ಮಾತ್ರ ಹೆಡ್‌ಮಾಸ್ತರರ ಮೇಲೆ ಅನುಮಾನ ಪಡಿ.